ಕರಸ್ಥಲದ ಕರು, ಕೊಟ್ಟಿಗೆಯ ಕರು

ಕಾಲವು ಶಿವನಿತ್ತ ಪ್ರಸಾದ. ಪ್ರಸಾದವನ್ನು ಚೆಲ್ಲಬಾರದೆಂಬುದನ್ನು ಲಿಂಗವಂತರ ಮನೆಯ ಎಳೆಯ ಮಗುವೂ ಬಲ್ಲುದು. ಆದರೆ ತುತ್ತು ಚೆಲ್ಲಿದರೆ ಕಣ್ಣಿಗೆ ಕಾಣುವುದು. ಗಳಿಗೆ ಚೆಲ್ಲಿದರೆ ಕಾಣದು. ಆದುದರಿಂದಲೇ ಕಾಲಹರಣವೆಂಬ ದೋಷವು ಸಜ್ಜನರ ಮನೆಯನ್ನೂ ಸದ್ದಿಲ್ಲದೆ ಹೊಗುವುದು.

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ ಹಸು ಕಟ್ಟಿ ಬಾಳುವ ಒಬ್ಬ ಸದ್ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಬೆಳಗಿನ ಜಾವ ಎದ್ದವನು ವಿಭೂತಿ ಧರಿಸುವ ಮುನ್ನವೇ ಮೊಬೈಲನ್ನು ಕೈಗೆತ್ತಿಕೊಳ್ಳುವನು. ಎಲ್ಲಿಯದೋ ಬೆಕ್ಕಿನ ಮರಿಯೊಂದು ನೂಲಿನ ಉಂಡೆಯೊಡನೆ ಹೊರಳಾಡುವುದು. ಅದರ ಹಿಂದೆ ನಾಯಿಮರಿ. ಅದರ ಹಿಂದೆ ಅಂಗಳದಲ್ಲಿ ಕುಣಿಯುವ ಮುದ್ದು ಕರು. ‘ಇದೊಂದನ್ನು ನೋಡಿ ಏಳುವೆನು’ ಎನ್ನುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುವುದು. ಇತ್ತ ಕೊಟ್ಟಿಗೆಯಲ್ಲಿ ಹಸುವು ಕೆಚ್ಚಲು ಬಿಗಿದು ಕೂಗುತ್ತಿರುವುದು. ಅದರ ಕರು ಹಗ್ಗ ಜಗ್ಗುತ್ತಿರುವುದು. ಡೈರಿಯಲ್ಲಿ ಹಾಲು ಅಳೆಯುವ ಹೊತ್ತು ಮೀರುವುದು. ಲಿಂಗಪೂಜೆ ಸಂಜೆಗೆ ಉಳಿಯುವುದು. ಸಂಜೆಗೂ ಅದೇ ಗತಿ.

ಈ ಮೋಹವು ಅಕಾರಣವಾದುದಲ್ಲ. ದುಂಡು ಮುಖ, ದೊಡ್ಡ ಕಣ್ಣು, ತಡವರಿಸುವ ನಡೆ—ಇವನ್ನು ಕಂಡೊಡನೆ ಮನುಷ್ಯನಲ್ಲಿ ಸಲಹುವ ಭಾವ ಉಕ್ಕುವುದೆಂದು ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸಿದ ಕಾನ್ರಾಡ್ ಲೊರೆನ್ಜ್ 1943ರಲ್ಲಿಯೇ ವಿವರಿಸಿದನು. ಯೂಟ್ಯೂಬಿನಲ್ಲಿ 2005ರ ಏಪ್ರಿಲ್ 23ರಂದು ಕಾಣಿಸಿಕೊಂಡ ಮೊಟ್ಟಮೊದಲ ಚಿತ್ರವೂ ಮೃಗಾಲಯದ ಆನೆಗಳ ಮುಂದೆ ತೆಗೆದುದು. ಅದರ ಅವಧಿ 19 ಸೆಕೆಂಡು. ಒಂದೊಂದು ಚಿತ್ರವೂ ಚಿಕ್ಕದೇ. ಆದರೆ ಒಂದರ ಬೆನ್ನಿಗೊಂದು ಬರುವ ಸಾಲಿಗೆ ಕೊನೆಯಿಲ್ಲ.

‘ದಣಿದ ಮನಸ್ಸಿಗೆ ಕೊಂಚ ವಿನೋದವೂ ಬೇಡವೇ?’ ಎಂದು ಭಕ್ತನು ಕೇಳಬಹುದು. ಬೇಕು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಜೆಸ್ಸಿಕಾ ಮೈರಿಕ್ ಸುಮಾರು 7,000 ಜನರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬೆಕ್ಕಿನ ಚಿತ್ರಗಳನ್ನು ನೋಡಿದವರು ಉಲ್ಲಾಸ ಪಡೆದರು. ಕೆಲಸವನ್ನು ಮುಂದೂಡಿ ನೋಡಿದವರಿಗೆ ಒಳಗೊಳಗೇ ಅಳುಕೂ ಉಂಟಾಯಿತು. ಆ ಅಳುಕು ಅಂತರಂಗದ ಗುರುವಿನ ಎಚ್ಚರಿಕೆಯೆಂದೇ ತಿಳಿಯತಕ್ಕುದು.

ಈ ಎಚ್ಚರಿಕೆಯನ್ನು ಆಯ್ದಕ್ಕಿ ಮಾರಯ್ಯನಿಗೆ ನೀಡಿದವಳು ಅವನ ಧರ್ಮಪತ್ನಿ ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಮ್ಮೆ ಮಾರಯ್ಯನು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಕಾಯಕ ನಿಂತುಹೋಗಿದೆಯೆಂದು ಲಕ್ಕಮ್ಮನು ನೆನಪಿಸಿದಳು; ಮಾರಯ್ಯನು ಒಡನೆಯೇ ಎದ್ದು ನಡೆದನು. ಶಿವಾನುಭವದ ಮಾತೇ ಕಾಯಕಕ್ಕೆ ವಿಳಂಬದ ನೆವವಾಗಲಾರದೆಂದ ಮೇಲೆ, ಬೆಕ್ಕಿನ ಆಟವು ನೆವವಾದೀತೆ?

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಚಿತ್ರದ ಕರುವನ್ನು ಕಂಡು ಮನ ಕರಗಿದಾಗ ಭಕ್ತನು ತನ್ನನ್ನು ದಯಾವಂತನೆಂದೇ ಬಗೆಯುವನು. ಆದರೆ ಆ ಕರು ಅವನಿಂದ ಏನನ್ನೂ ಬೇಡದು. ಅದಕ್ಕೆ ಹಸಿವಿಲ್ಲ, ಸಗಣಿಯಿಲ್ಲ, ಉಣ್ಣೆಯ ಕಾಟವಿಲ್ಲ. ಕೊಟ್ಟಿಗೆಯ ಕರುವಾದರೋ ಎಲ್ಲವನ್ನೂ ಬೇಡುವುದು. ಹಾಲು ಕರೆಯುವ ಹೊತ್ತು ದಿನದಿನವೂ ತಪ್ಪಿದರೆ ಹಸುವಿನ ಇಳುವರಿ ಕುಗ್ಗುವುದು, ಕೆಚ್ಚಲು ಬಾವಿಗೂ ಎಡೆಯಾಗುವುದು. ದಯೆಯು ಕಣ್ಣಿನಲ್ಲಿ ಹುಟ್ಟಿ ಕೈಗೆ ಇಳಿಯದಿದ್ದರೆ ಬಾಯಿಲ್ಲದ ಜೀವವೇ ಅದರ ಫಲವನ್ನು ಉಣ್ಣಬೇಕಾಗುವುದು. ಕಲ್ಯಾಣದಲ್ಲಿ ಶರಣರ ದನಗಳನ್ನು ಕಾಯುವುದನ್ನೇ ಕಾಯಕವಾಗಿ ಕೈಕೊಂಡ ತುರುಗಾಹಿ ರಾಮಣ್ಣನಿಗೆ ಆ ದನಗಳ ಹಿಂದೆ ನಡೆಯುವುದೇ ಲಿಂಗಾರ್ಚನೆಯ ಮಾರ್ಗವಾಯಿತು.

ಶಿವಭಕ್ತನ ಕರಸ್ಥಲವು ಇಷ್ಟಲಿಂಗದ ಪೀಠ. ಪ್ರಾತಃಕಾಲದಲ್ಲಿ ಆ ಪೀಠವು ಮೊದಲು ಲಿಂಗಕ್ಕೆ ಸಲ್ಲಲಿ. ಬಳಿಕ ಹಸುವಿನ ಕೆಚ್ಚಲಿಗೆ, ಕರುವಿನ ಬೆನ್ನಿಗೆ ಸಲ್ಲಲಿ. ದಿನದ ಕಾಯಕ ಮುಗಿದು ಮಕ್ಕಳೊಡನೆ ಜಗುಲಿಯಲ್ಲಿ ಕುಳಿತಾಗ ಬೆಕ್ಕಿನ ಮರಿಯ ಆಟವನ್ನು ನಾಲ್ಕು ಗಳಿಗೆ ನೋಡಿ ನಕ್ಕರೆ, ಆ ನಗುವಿನಲ್ಲಿ ಅಳುಕಿರದು.

ನಾಳೆ ಎಂಬುದನ್ನು ಶಿವನು ಯಾರಿಗೂ ಬರೆದುಕೊಟ್ಟಿಲ್ಲ. ಇಂದಿನ ಕರೆಗೆ ಇಂದೇ ಏಳುವ ಬಲವನ್ನು ಪರಶಿವನು ಸಕಲ ಸದ್ಭಕ್ತರಿಗೂ ಕರುಣಿಸಲಿ.