ಲಕೋಟೆಯೊಳಗಿನ ಮತ

2008ರ ವಿಧಾನಸಭಾ ಚುನಾವಣೆ, ರಾಜಸ್ಥಾನದ ನಾಥದ್ವಾರ ಕ್ಷೇತ್ರ. ಕಲ್ಯಾಣ್ ಸಿಂಗ್ ಚೌಹಾಣರಿಗೆ 62,216 ಮತ, ಸಿ.ಪಿ. ಜೋಶಿಯವರಿಗೆ 62,215. ಜೋಶಿ ಹೈಕೋರ್ಟಿನ ಮೆಟ್ಟಿಲೇರಿದರು. ಕಾಲೇಜಿನಲ್ಲಿ ನ್ಯಾಯದರ್ಶನದ ಪಾಠ ಹೇಳುವ ನನ್ನನ್ನು ಈ ಪ್ರಕರಣ ಇನ್ನೂ ಬಿಟ್ಟಿಲ್ಲ. ಜನ ನಿಜಕ್ಕೂ ಯಾರನ್ನು ಬಯಸಿದ್ದರೆಂದು ನ್ಯಾಯಾಲಯ ತಿಳಿಯಬಲ್ಲದೇ? ತಿಳಿಯಬೇಕೇ?

ಜಗಳ ಇದ್ದದ್ದು ಟೆಂಡರ್ ಮತಗಳದ್ದು. ಚುನಾವಣಾ ಡ್ಯೂಟಿ ಮಾಡಿದವರಿಗೆ ಅದು ಗೊತ್ತು. ನಾನು ಪ್ರಿಸೈಡಿಂಗ್ ಆಫೀಸರಾಗಿದ್ದ ಮತಗಟ್ಟೆಗೆ ಒಮ್ಮೆ ಒಬ್ಬ ಅಜ್ಜಿ ಬಂದರು. ಅವರ ಹೆಸರಿನಲ್ಲಿ ಆಗಲೇ ಯಾರೋ ವೋಟು ಹಾಕಿ ಹೋಗಿದ್ದರು. ಗಂಡನ ಹೆಸರು, ಮನೆ, ಗುರುತಿನ ಚೀಟಿ ಎಲ್ಲ ಸರಿಯಾಗಿತ್ತು. ಅಂಥವರಿಗೆ ಮಷಿನ್ ಕೊಡುವಂತಿಲ್ಲ. ನಮೂನೆ 17ಬಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಕಾಗದದ ಮತಪತ್ರ ಕೊಟ್ಟೆ. ಮರೆಗೆ ಹೋಗಿ ಸೀಲು ಒತ್ತಿ, ಮಡಚಿ ತಂದು ನನ್ನ ಕೈಗಿಟ್ಟು, "ಇದನ್ನೂ ಎಣಿಸ್ತೀರಲ್ಲ ಸ್ವಾಮಿ?" ಎಂದರು. ಎಣಿಸುವುದಿಲ್ಲ. ಅದು ಬೇರೆ ಲಕೋಟೆ ಸೇರುತ್ತದೆ, ಕೋರ್ಟು ಆದೇಶಿಸಿದರಷ್ಟೇ ಹೊರಬರುತ್ತದೆ.

ಕೋರ್ಟಾದರೂ ತಾನಾಗಿ ಹುಡುಕಿಕೊಂಡು ಹೋಗದು. ಕಕ್ಷಿದಾರರು ತಮ್ಮ ಅರ್ಜಿ, ಉತ್ತರಗಳಲ್ಲಿ ಎತ್ತದ ವಿಷಯಕ್ಕೆ ಕೈ ಹಾಕಬಾರದೆಂದು ನಾಥದ್ವಾರ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸತ್ಯ ಎದುರಿಗಿದ್ದರೂ ಕಣ್ಣು ಮುಚ್ಚುವುದೇ ಎಂದು ಕೇಳುವವರಿದ್ದಾರೆ. ಗೌತಮರ ನ್ಯಾಯಸೂತ್ರ ಓದಿದವರಿಗೆ ಇದು ಅಷ್ಟು ವಿಚಿತ್ರವೆನಿಸದು. ಅಲ್ಲಿ ನಿರ್ಣಯವೆಂದರೆ ಸರ್ವಜ್ಞತ್ವವಲ್ಲ. ಸಂಶಯ ಹುಟ್ಟಿ, ಪಕ್ಷ ಪ್ರತಿಪಕ್ಷಗಳೆರಡನ್ನೂ ತೂಗಿದ ಮೇಲೆ ಸಿಗುವ ನಿಶ್ಚಯ. ನ್ಯಾಯಾಧೀಶರೇ ಸಂಶಯ ಎತ್ತಿ ಅವರೇ ಉತ್ತರ ಹೇಳತೊಡಗಿದರೆ ಪ್ರತಿಪಕ್ಷಕ್ಕೆ ಜಾಗವೆಲ್ಲಿ?

1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಸೆಕ್ಷನ್ ನನಗೆ ಇನ್ನೂ ಮುಖ್ಯ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾವ ಸಾಕ್ಷಿಯನ್ನೂ ಬಲವಂತ ಮಾಡುವಂತಿಲ್ಲ. ಆ ಗುಟ್ಟು ಮತದಾರನದು, ಅವನೇ ಹೇಳಲು ಒಪ್ಪಿದರೆ ಹೇಳಬಹುದು ಎಂದು 1980ರ ರಘುಬೀರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನನ್ನ ಮಟ್ಟಿಗೆ ಇದು ಧರ್ಮದ ಮಾತೇ. ಅಂತಃಕರಣದೊಳಕ್ಕೆ ಸರ್ಕಾರ ಕಾಲಿಡಬಾರದು, ಒಂದು ಮತದ ಸತ್ಯ ಕೈತಪ್ಪಿದರೂ ಸರಿಯೇ.

ವಿಚಾರಣೆಯಲ್ಲಿ ಮತಗಳು ಸಮವೆಂದು ಕಂಡು, ಎಣಿಕೆಯ ದಿನ ಚೀಟಿ ಎತ್ತಿರದಿದ್ದರೆ, ಹೈಕೋರ್ಟೇ ಚೀಟಿ ಎತ್ತಬೇಕು. ದೇವರ ಮೇಲೆ ಭಾರ ಹಾಕಿದಂತೆ ಕಾಣಬಹುದು. ಪ್ರಮಾಣಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ತಮ್ಮ ಇಷ್ಟಾನಿಷ್ಟವನ್ನು ತಂದು ಸೇರಿಸದಿರುವ ಸಂಯಮವೆಂದೇ ನಾನು ಅದನ್ನು ಗೌರವಿಸುತ್ತೇನೆ.

ಒಪ್ಪಲಾಗದ್ದು ವಿಳಂಬ. ಅರ್ಜಿ ಹಾಕಲು 45 ದಿನದ ಗಡುವು ಕಟ್ಟುನಿಟ್ಟು. ಆರು ತಿಂಗಳಲ್ಲಿ ವಿಚಾರಣೆ ಮುಗಿಸುವುದು ಮಾತ್ರ ಪ್ರಯತ್ನಕ್ಕೆ ಬಿಟ್ಟದ್ದು. ನಾಥದ್ವಾರದಲ್ಲಿ ಯಾವ ಪ್ರಶ್ನೆ ವಿಚಾರಿಸಬೇಕೆಂಬುದು ಇತ್ಯರ್ಥವಾಗುವಷ್ಟರಲ್ಲೇ ಐದು ವರ್ಷದ ಅವಧಿಯಲ್ಲಿ ಎರಡು ವರ್ಷ ಕಳೆದಿತ್ತು. ಆರು ತಿಂಗಳನ್ನೂ ಕಡ್ಡಾಯ ಮಾಡಿ, ಚುನಾವಣೆಯ ನಂತರ ಈ ತಕರಾರುಗಳಿಗೆಂದೇ ಪ್ರತಿ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಗಳನ್ನು ಮೀಸಲಿಡಬೇಕು.