ತುಳಸಿಯನ್ನು ಕೇಳಿದವರು ಯಾರು?

ವರ್ಷಕ್ಕೊಂದು ಸಲ ಅದೇ ಹುಡುಗಿಯನ್ನು ಅದೇ ಗಂಡಿಗೆ ಕೊಟ್ಟು ಮದುವೆ ಮಾಡಿಸುವ ಸೀಮೆ ನಮ್ಮದು. ಕಾರ್ತಿಕ ಮಾಸದ ಶುದ್ಧ ದ್ವಾದಶಿ, ಉತ್ಥಾನ ದ್ವಾದಶಿ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಯಾವ ಮನೆಗೆ ಹೋದರೂ ಅವತ್ತು ಅಂಗಳದ ತುಳಸಿಕಟ್ಟೆ ಮದುಮಗಳ ಹಾಗೆ ಕಾಣುತ್ತೆ. ಕಾಯಿ ಸಮೇತ ಇರುವ ಬೆಟ್ಟದ ನೆಲ್ಲಿಯ ಕೊಂಬೆಯನ್ನು ಕಾಡಿನಿಂದ ಕಡಿದು ತಂದು ತುಳಸಿಯ ಪಕ್ಕ ನೆಡುತ್ತಾರೆ. ಅದೇ ಗಂಡು. ಸಾಲಿಗ್ರಾಮ ಇರುವ ಮನೆಯಲ್ಲಿ ಅದೂ ಕಟ್ಟೆಗೆ ಬರುತ್ತೆ. ಕತ್ತಲಾಗುವ ಹೊತ್ತಿಗೆ ನೆಲ್ಲಿಕಾಯಿಯ ತಲೆ ಕೊರೆದು ತುಪ್ಪದ ಬತ್ತಿ ಇಟ್ಟು ಆರತಿ. ಅಡಿಕೆ ಕೊಯ್ಲು ಶುರುವಾಗುವ ಕಾಲವಾದ್ದರಿಂದ ಅಂಗಳದಲ್ಲಿ ಹಸಿ ಅಡಿಕೆಯ ವಾಸನೆ ಬೇರೆ. ಮಕ್ಕಳಿಗೆ ಪಟಾಕಿ, ದೊಡ್ಡವರಿಗೆ ಅವಲಕ್ಕಿ ಮತ್ತು ಕಾಫಿ.

ಪಂಚಾಂಗದ ಲೆಕ್ಕದಲ್ಲಿ ಇದು ಸಣ್ಣ ದಿನವೇನಲ್ಲ. ಆಷಾಢದಲ್ಲಿ ಮಲಗಿದ ವಿಷ್ಣು ನಾಲ್ಕು ತಿಂಗಳು ಕಳೆದು ಏಳುತ್ತಾನೆ ಅನ್ನೋದು ನಂಬಿಕೆ. ಆ ಚಾತುರ್ಮಾಸ್ಯದಲ್ಲಿ ಮದುವೆಗಳು ನಡೆಯುವುದು ಕಡಿಮೆ. ತುಳಸಿಯದು ಆದ ಮೇಲೆ ಉಳಿದವರದು. ಬೆಂಗಳೂರಿನ ಕಲ್ಯಾಣ ಮಂಟಪಗಳ ಬುಕಿಂಗ್ ಕೂಡ ಒಂದು ರೀತಿಯಲ್ಲಿ ಈ ಗಿಡದ ಮದುವೆಗೇ ಕಾಯುತ್ತೆ.

ಇಷ್ಟು ಚಂದದ ಹಬ್ಬದ ಹಿಂದಿನ ಕಥೆ ಮಾತ್ರ ಚಂದ ಇಲ್ಲ.

ಜಲಂಧರನನ್ನು ಶಿವನಿಗೂ ಸೋಲಿಸಲು ಆಗುತ್ತಿರಲಿಲ್ಲ. ಅವನನ್ನು ಕಾಯುತ್ತಿದ್ದದ್ದು ಹೆಂಡತಿ ವೃಂದೆಯ ಪಾತಿವ್ರತ್ಯ. ಅದನ್ನು ಮುರಿಯಲು ವಿಷ್ಣು ಜಲಂಧರನದೇ ರೂಪ ಹಾಕಿಕೊಂಡು ಅವಳ ಹತ್ತಿರ ಹೋದ. ಗಂಡನೆಂದು ನಂಬಿ ಅವಳು ಒಪ್ಪಿದಳು. ಅತ್ತ ಜಲಂಧರ ಸತ್ತ. ನಿಜ ಗೊತ್ತಾದಾಗ ವೃಂದೆ ವಿಷ್ಣುವಿಗೆ ಶಾಪ ಕೊಟ್ಟಳು. ಕಲ್ಲಾಗು ಅಂದಳು ಅನ್ನೋದು ನಮ್ಮ ಮನೆಗಳಲ್ಲಿ ಹೇಳುವ ಕಥೆ. ಆಮೇಲೆ ಬೆಂಕಿಗೆ ಬಿದ್ದಳು. ಅವಳೇ ತುಳಸಿ ಗಿಡವಾದಳು, ಅವನು ಸಾಲಿಗ್ರಾಮವಾದ. ಬ್ರಹ್ಮವೈವರ್ತ ಪುರಾಣದಲ್ಲಿ ಗಂಡನ ಹೆಸರು ಶಂಖಚೂಡ, ಹೆಂಡತಿ ತುಳಸಿಯೇ. ಹೆಸರು ಬದಲಾಗುತ್ತೆ, ಮೋಸ ಬದಲಾಗೋದಿಲ್ಲ. (ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮಗಳು ಕೋಟ್ಯಂತರ ವರ್ಷ ಹಿಂದಿನ ಸಮುದ್ರಜೀವಿಗಳ ಪಳೆಯುಳಿಕೆ. ಆ ಮಾತು ಇಲ್ಲಿಗೆ ಬೇಕಿಲ್ಲ, ಆದರೂ ಹೇಳದೆ ಇರಲಾಗಲಿಲ್ಲ.)

ಇನ್ನೊಬ್ಬರ ಪಾಸ್‌ವರ್ಡ್ ಹಾಕಿ ಒಳಗೆ ಬಂದವನನ್ನು ಸಿಸ್ಟಮ್ ಒಳಗೆ ಬಿಟ್ಟಿತು ಅಂದ ಮಾತ್ರಕ್ಕೆ ಅವನಿಗೆ ಅನುಮತಿ ಇತ್ತು ಅಂತ ಯಾರೂ ವಾದ ಮಾಡೋದಿಲ್ಲ. ವೃಂದೆಯ ಒಪ್ಪಿಗೆ ಕೊಟ್ಟದ್ದು ಜಲಂಧರನಿಗೆ. ವಿಷ್ಣುವಿಗೆ ಅವಳು ಏನನ್ನೂ ಕೊಟ್ಟಿರಲಿಲ್ಲ, ಶಾಪ ಒಂದನ್ನು ಬಿಟ್ಟು.

ಇದು ಇವತ್ತಿನ ಹುಡುಗರು ಹೊಸದಾಗಿ ಎತ್ತಿದ ಪ್ರಶ್ನೆ ಅಂದುಕೊಳ್ಳಬೇಡಿ. ತುಳಸಿ ಜಲಂಧರ ಅಂತ ಯಕ್ಷಗಾನ ಪ್ರಸಂಗವೇ ಇದೆ. ಮಳೆಗಾಲದ ತಾಳಮದ್ದಳೆಯಲ್ಲಿ ಒಳ್ಳೆ ಅರ್ಥಧಾರಿ ವೃಂದೆಯಾಗಿ ಕೂತರೆ ವಿಷ್ಣುವಿನ ಬೆವರಿಳಿಸಿ ಬಿಡ್ತಾರೆ. ಲೋಕಕಲ್ಯಾಣಕ್ಕಾಗಿ ಅಂತ ವಿಷ್ಣು ಶುರು ಮಾಡಿದರೆ, ಆ ಲೋಕದಲ್ಲಿ ನಾನು ಇರಲಿಲ್ಲವಾ ಅನ್ನೋ ಧಾಟಿಯಲ್ಲಿ ಅವಳ ಮಾತು ಬರುತ್ತೆ. ಸಭೆಯಲ್ಲಿ ಜನಿವಾರದ ಅಜ್ಜಂದಿರೂ ತಲೆಯಾಡಿಸ್ತಾರೆ. ಮಾರನೇ ತಿಂಗಳು ಅವರೇ ನೆಲ್ಲಿ ಕೊಂಬೆ ಹುಡುಕಿಕೊಂಡು ಕಾಡಿಗೂ ಹೋಗ್ತಾರೆ.

ನನ್ನನ್ನು ಕಾಡುವುದು ಪುರಾಣಕ್ಕಿಂತ ಹೆಚ್ಚಾಗಿ ಅದರ ನೆರಳು. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಊರಿನಲ್ಲಿ ಡಿಗ್ರಿ ಓದುತ್ತಿದ್ದ ಅಕ್ಕ ಒಬ್ಬಳಿಗೆ ಅನ್ಯಾಯವಾಯಿತು. ಮಾಡಿದವನು ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಒಬ್ಬರ ಮನೆಯ ಜಗಲಿಯಲ್ಲಿ ಪಂಚಾಯ್ತಿ ಕೂತಿತು. ಮೂರು ಸಲ ಕಾಫಿ ಬಂತು. ಸಂಜೆಯೊಳಗೆ ತೀರ್ಮಾನವಾಯಿತು: ಮದುವೆ. 'ಹುಡುಗಿ ಬಾಳು ಹಾಳಾಗೋದು ಬೇಡ' ಅಂದರು. ಹೇಳಿದವರು ಕೆಟ್ಟವರಲ್ಲ. ಊರಿಗೆ ರಸ್ತೆ ತರಿಸಿದವರು, ಕಷ್ಟಕ್ಕೆ ದುಡ್ಡು ಕೊಡುವವರು. ಇವತ್ತಿಗೂ ಆ ಮಾತು ಬಂದರೆ, 'ಈಗ ನೋಡು, ಸಂಸಾರ ಚೆನ್ನಾಗೇ ಇದೆ' ಅಂತಾರೆ. ಹಾಗೆ ಹೇಳುವವರಲ್ಲಿ ಆ ಅಕ್ಕ ಇಲ್ಲ.

ಇದು ನಮ್ಮ ಕಾಡಿನೊಳಗಿನ ರೋಗ ಮಾತ್ರ ಅಲ್ಲ. ಇಟಲಿಯ ಕಾನೂನಿನಲ್ಲಿ 1981ರವರೆಗೆ, ಅತ್ಯಾಚಾರ ಮಾಡಿದವನು ಅವಳನ್ನೇ ಮದುವೆಯಾದರೆ ಅಪರಾಧ ಮಾಫಿ ಆಗುತ್ತಿತ್ತು. ಸಿಸಿಲಿಯ ಅಲ್ಕಾಮೊ ಊರಿನ ಫ್ರಾಂಕಾ ವಿಯೋಲಾ ಅನ್ನೋ ಹುಡುಗಿಯನ್ನು 1965ರಲ್ಲಿ ಎತ್ತಿಕೊಂಡು ಹೋದರು. ಊರೆಲ್ಲ 'ಮದುವೆ ಮಾಡಿಕೊ' ಅಂದಾಗ ಅವಳು ಆಗೋದಿಲ್ಲ ಅಂದಳು. ಅಪ್ಪ ಮಗಳ ಜೊತೆ ನಿಂತ. ಅವನು ಜೈಲಿಗೆ ಹೋದ. ಅವಳು 1968ರಲ್ಲಿ ತನಗೆ ಇಷ್ಟವಾದವನನ್ನು ಮದುವೆಯಾದಳು. ನಮ್ಮಲ್ಲಿ ಲೈಂಗಿಕ ಕಿರುಕುಳದ ಆರೋಪಿಯೊಬ್ಬನಿಗೆ ಜಾಮೀನು ಕೊಡುವಾಗ ಮಧ್ಯಪ್ರದೇಶ ಹೈಕೋರ್ಟು, ಆ ಹೆಣ್ಣುಮಗಳ ಮನೆಗೆ ಹೋಗಿ ರಾಖಿ ಕಟ್ಟಿಸಿಕೊ ಅಂತ ಷರತ್ತು ಹಾಕಿತ್ತು. ಸುಪ್ರೀಂ ಕೋರ್ಟು 2021ರ ಮಾರ್ಚ್ 18ರಂದು, ಅಪರ್ಣಾ ಭಟ್ ಪ್ರಕರಣದಲ್ಲಿ, ಅದನ್ನು ತೆಗೆದುಹಾಕಿತು. ರಾಜಿ, ಮದುವೆ ಅಂತ ಸಲಹೆ ಕೊಡೋದು ಕೋರ್ಟುಗಳ ಕೆಲಸ ಅಲ್ಲ ಅಂತಲೂ ಹೇಳಿತು. ಅಂದ್ರೆ 2021ರಲ್ಲೂ ಅದನ್ನು ಬರೆದು ಹೇಳಬೇಕಾಯಿತು.

ಹಾಗಾದರೆ ತುಳಸಿ ಮದುವೆ ಅನ್ನೋದು ಆ ಜಗಲಿ ಪಂಚಾಯ್ತಿಯ ದೊಡ್ಡ ರೂಪವಾ? ಗೆಳೆಯರಲ್ಲಿ ಕೆಲವರು ಹೌದು ಅಂತಾರೆ, ಬಿಟ್ಟುಬಿಡು ಅಂತಾರೆ. ನನಗೆ ಅಷ್ಟು ಸಲೀಸಾಗಿ ಹೌದು ಅನ್ನಲು ಆಗ್ತಿಲ್ಲ. ಅದಕ್ಕೆ ಕಾರಣ ಅಮ್ಮ.

ಹೋದ ವರ್ಷ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಕಲ್ಲಾಗಿದ್ದು ಯಾರು ಮಾರಾಯ? ದೇವರೇ ಅಲ್ವಾ? ಅವಳ ಶಾಪ ತಪ್ಪಿಸಿಕೊಳ್ಳೋಕೆ ಅವನಿಗೂ ಆಗ್ಲಿಲ್ಲ. ತುಳಸಿ ಇಲ್ದೆ ಅವನಿಗೆ ನೈವೇದ್ಯ ಇಲ್ಲ. ಬೇರೆ ಮದುವೆ ಒಂದೇ ಸಲ. ಇವನು ವರ್ಷಾ ವರ್ಷಾ ಅವಳ ಕಟ್ಟೆಗೇ ಬರ್ಬೇಕು."

ಹೀಗೆ ನೋಡಿದರೆ ಕಥೆ ಬೇರೆಯೇ ಆಗುತ್ತೆ. ವರ್ಷ ವರ್ಷ ಮಾಡಬೇಕಾಗಿ ಬರುವ ಮದುವೆ ಅಂದರೆ ಮುಗಿಯದ ಮದುವೆ, ತೀರದ ಸಾಲ. ಪುರಾಣ ತಪ್ಪನ್ನು ತಪ್ಪು ಅಂತ ಒಪ್ಪಿಕೊಂಡು, ಮಾಡಿದವನಿಗೆ ಶಿಕ್ಷೆಯನ್ನೂ ಕೊಟ್ಟು, ಆಮೇಲೆ ಮಂಟಪ ಕಟ್ಟಿತು. ನಮ್ಮ ಜಗಲಿಯಲ್ಲಿ ಶಾಪ ಹಾಕುವ ಅವಕಾಶವೇ ಇರಲಿಲ್ಲ. ಅವನು ಕಲ್ಲಾಗಲಿಲ್ಲ. ಅವಳನ್ನು ಮಾತ್ರ ಕಿತ್ತು ಇನ್ನೊಬ್ಬರ ಅಂಗಳದಲ್ಲಿ ನೆಟ್ಟರು. ಪುರಾಣದಿಂದ ಮದುವೆಯನ್ನಷ್ಟೇ ತೆಗೆದುಕೊಂಡು ಶಾಪವನ್ನು ಬಿಟ್ಟುಬಿಟ್ಟರು. ನನ್ನ ಸಿಟ್ಟು ಇರೋದು ಆ ಆಯ್ಕೆಯ ಮೇಲೆ.

ಆದರೂ ಅಮ್ಮನ ಉತ್ತರದಲ್ಲಿ ಒಂದು ತೂತು ಉಳಿಯುತ್ತೆ. ಸಾಲ ತೀರಿಸಲು ಬರುವವನು ಬರಲಿ, ವರ್ಷ ವರ್ಷ ಬರಲಿ. ಬಾಗಿಲು ತೆಗೀಬೇಕೋ ಬೇಡವೋ ಅಂತ ಹೇಳಬೇಕಾದವಳು ಅವಳು. ಆರತಿ, ಹಾಡು, ಪಟಾಕಿ ಎಲ್ಲದರ ನಡುವೆ ಆ ಪ್ರಶ್ನೆಗೆ ಜಾಗ ಎಲ್ಲೂ ಇಲ್ಲ. ಗಿಡಕ್ಕೆ ಮಾತು ಬರೋದಿಲ್ಲ ಅನ್ನೋದು ಇಲ್ಲಿ ಎಲ್ಲರಿಗೂ ಅನುಕೂಲವೇ ಆಗಿದೆ.

ಫೋನ್ ಇಡುವ ಮೊದಲು ಅಮ್ಮನನ್ನು ಇನ್ನೊಂದು ಮಾತು ಕೇಳಿದೆ. ಆ ಅಕ್ಕನ ಪಂಚಾಯ್ತಿ ದಿನ ನೀನೂ ಅಲ್ಲೇ ಇದ್ದೆಯಲ್ಲ, ನೀನು ಏನು ಹೇಳಿದೆ?

"ನಾನು ಒಳಗೆ ಕಾಫಿ ಮಾಡ್ತಿದ್ದೆ" ಅಂದಳು. "ನನ್ನನ್ನ ಯಾರು ಕೇಳಿದ್ರು?"