ಬಾಗಿಲು ತೆರೆದಿದ್ದರೆ ಸಾಕೇ?

ಮಿನಿಯಾಪೊಲಿಸ್ ನಗರದ ದೊಡ್ಡ ಕಲಾ ಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಅಲ್ಲಿಗೆ ಕರೆದುಕೊಂಡು ಹೋಗದವರು ನಮ್ಮಲ್ಲಿ ಕಡಿಮೆ. ಇದೇ ಮಿನ್ನೆಸೋಟ ರಾಜ್ಯದ ಉತ್ತರದ ಅಂಚಿನಲ್ಲಿ, ಕೆನಡಾ ಗಡಿಗೆ ತಾಗಿಕೊಂಡು ಇಂಟರ್‌ನ್ಯಾಷನಲ್ ಫಾಲ್ಸ್ ಎಂಬ ಸಣ್ಣ ಊರಿದೆ. ಅಲ್ಲಿನ ಸರ್ಕಾರಿ ಶಾಲೆಯ ಮಗುವಿಗೂ ಈ ಪ್ರವೇಶ ಉಚಿತವೇ. ಆದರೆ ನಡುವೆ ಸುಮಾರು 300 ಮೈಲಿ ದಾರಿಯಿದೆ. ಬಸ್ಸು ಬೇಕು, ರಾತ್ರಿ ತಂಗಲು ಜಾಗ ಬೇಕು, ಶಾಲೆಯಲ್ಲಿ ಉಳಿದ ಮಕ್ಕಳಿಗೆ ಬದಲಿ ಶಿಕ್ಷಕರು ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಇದೆಯಲ್ಲ, ಇಲ್ಲಿ ಪೂಜಾರಿಯ ಜಾಗದಲ್ಲಿ ಬಸ್ಸಿನ ಬಿಲ್ಲು ಕುಳಿತಿದೆ!

ಹಾಗಾದರೆ ಸಣ್ಣ ಊರಿನ ಮಕ್ಕಳಿಗೆ ನಾಟಕ, ಸಂಗೀತ, ಚಿತ್ರಕಲೆಗಳನ್ನು ತೋರಿಸುವ ಖರ್ಚು ಯಾರದು? ತಂದೆ ತಾಯಿಗಳದೇ, ಸರ್ಕಾರದ್ದೇ, ದಾನಿಗಳದೇ?

ಮಿನ್ನೆಸೋಟದ ಮತದಾರರು 2008ರ ನವೆಂಬರಿನಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಆರ್ಥಿಕ ಕುಸಿತದ ಆ ದಿನಗಳಲ್ಲೂ ಮಾರಾಟ ತೆರಿಗೆಯನ್ನು ಶೇಕಡಾ ಒಂದರ ಎಂಟನೇ ಮೂರು ಭಾಗದಷ್ಟು ಏರಿಸಿಕೊಳ್ಳಲು ಒಪ್ಪಿದರು. ಇದು 2034ರವರೆಗೆ ನಡೆಯುತ್ತದೆ. ಹೆಚ್ಚಿನ ಪಾಲು ನೀರು, ಕಾಡು, ಉದ್ಯಾನಗಳಿಗೆ, ಶೇಕಡಾ 19.75 ಕಲೆ ಮತ್ತು ಸಂಸ್ಕೃತಿಗೆ. ನೂರು ಡಾಲರಿನ ಕುರ್ಚಿ ಕೊಂಡರೆ ಸುಮಾರು ಏಳು ಸೆಂಟ್ ಇದಕ್ಕೆ ಹೋಗುತ್ತದೆ. ಮತದ ಹಕ್ಕಿಲ್ಲದ ವೀಸಾದವರೂ ಕೊಡುತ್ತೇವೆ, ಗಡಿ ಊರಿನ ಮರಗೆಲಸದವನೂ ಕೊಡುತ್ತಾನೆ. ಅವನೂ ಕೊಟ್ಟ ಮೇಲೆ ಅವನ ಮಗಳು ನಾಟಕ ನೋಡಲು ಬರುವುದು ಭಿಕ್ಷೆ ಹೇಗಾದೀತು? ಅದು ಅವಳ ಪಾಲು.

ಆದರೆ ಸರ್ಕಾರದ ಹಣವನ್ನೇ ಪೂರಾ ನಂಬಿ ಕೂರುವಂತಿಲ್ಲ. 2025ರ ಮೇ ತಿಂಗಳಲ್ಲಿ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್, ತಾನೇ ಮಂಜೂರು ಮಾಡಿದ್ದ ನೂರಾರು ಅನುದಾನಗಳನ್ನು ಏಕಾಏಕಿ ಹಿಂತೆಗೆದುಕೊಂಡಿತು. ಬಜೆಟ್ಟು ಒಂದೆರಡು ವರ್ಷ ಕಾಯಬಹುದು, ಮಗುವಿನ ಐದನೇ ತರಗತಿ ಕಾಯುವುದಿಲ್ಲ.

ಮೊದಲು ಓದು, ಗಣಿತ ಸರಿಯಾಗಲಿ, ಕಲೆ ಆಮೇಲೆ ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. 2002ರ ನೋ ಚೈಲ್ಡ್ ಲೆಫ್ಟ್ ಬಿಹೈಂಡ್ ಕಾನೂನು ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ ಈ ಎರಡು ವಿಷಯಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದೂ ಹಿಂದುಳಿದ ಮಕ್ಕಳ ಮೇಲಿನ ಕಾಳಜಿಯಿಂದಲೇ. ಆದರೆ ಪರೀಕ್ಷೆ ಇರುವ ವಿಷಯಕ್ಕೆ ಸಮಯ ಸಿಕ್ಕಿತು, ಇಲ್ಲದ್ದು ಬದಿಗೆ ಸರಿಯಿತು. 2015ರ ಹೊಸ ಕಾನೂನು ಸಂಗೀತ ಮತ್ತು ಕಲೆಗಳನ್ನು ಪರಿಪೂರ್ಣ ಶಿಕ್ಷಣದ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಬಸ್ಸು ಹೊರಡುವುದಿಲ್ಲವಲ್ಲ!

ಇಂಜಿನಿಯರುಗಳಾದ ನಮ್ಮಲ್ಲಿ ಅನೇಕರಿಗೆ ಇನ್ನೊಂದು ಅಭ್ಯಾಸವಿದೆ. ಸಂಗೀತ ಕಲಿತರೆ ಗಣಿತ ಚೆನ್ನಾಗಿ ಬರುತ್ತದೆ ಎಂದು ಕಲೆಗೆ ಶಿಫಾರಸು ಪತ್ರ ಬರೆಯುತ್ತೇವೆ. ಆದರೆ ನಮ್ಮ ಮಕ್ಕಳನ್ನು ಪ್ರತಿ ಶನಿವಾರ ಭರತನಾಟ್ಯದ ತರಗತಿಗೆ ಬಿಡುವುದು ಗಣಿತದ ಅಂಕಕ್ಕಾಗಿಯೇ? ಅದಿಲ್ಲದ ಬಾಲ್ಯ ಬರಿದು ಎಂದು ನಮಗೆ ಗೊತ್ತಿರುವುದರಿಂದ. ನಮ್ಮ ಮಕ್ಕಳಿಗೆ ಕಾರಣ ಕೇಳದೆ ಕೊಡುವುದನ್ನು ಪರರ ಮಕ್ಕಳಿಗೆ ಮಾತ್ರ ಲಾಭದ ಲೆಕ್ಕ ಹಾಕಿ ಕೊಡುವುದು ನ್ಯಾಯವಲ್ಲ.

ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಹರಕೆಯಾಟ ಎಂಬ ಪದ್ಧತಿಯಿದೆ. ಕಟೀಲು, ಮಂದಾರ್ತಿಯಂತಹ ಕ್ಷೇತ್ರಗಳ ಮೇಳಗಳು ಇಂದಿಗೂ ಹೀಗೆ ಆಡುತ್ತವೆ. ಹರಕೆ ಹೊತ್ತ ಒಂದು ಮನೆಯವರು ಖರ್ಚು ವಹಿಸುತ್ತಾರೆ, ಮೇಳವೇ ಊರಿಗೆ ಬರುತ್ತದೆ, ಊರೆಲ್ಲ ಕುಳಿತು ನೋಡುತ್ತದೆ. ಟಿಕೆಟ್ಟಿಲ್ಲ. ಆಡಿಸಿದವರು ಬಯಲಿಗೆ ಬೇಲಿ ಹಾಕುವುದಿಲ್ಲ. ದಾನವೆಂದರೆ ಹೀಗಿರಬೇಕು ಎಂಬುದು ನಮ್ಮ ಅನಿಸಿಕೆ.

ನಮ್ಮ ದೇವಸ್ಥಾನ ಸಂಘವೂ ವರ್ಷಕ್ಕೊಮ್ಮೆ ದೂರದ ಒಂದು ಶಾಲೆಯ ಬಸ್ಸಿನ ಖರ್ಚನ್ನು ಹೊರಬಾರದೇಕೆ? ಒಂದು ಎಚ್ಚರ ಮಾತ್ರ ಬೇಕು. ಅದು ಎಲ್ಲ ಮತದವರ ಶಾಲೆ; ಹಣ ಕೊಟ್ಟವರು ನಾವೆಂದು ನಮ್ಮ ನೃತ್ಯವನ್ನೇ ನೋಡಬೇಕೆಂಬ ಷರತ್ತು ಬೇಡ. ಆ ಮಕ್ಕಳು ಶೇಕ್ಸ್‌ಪಿಯರನನ್ನು ನೋಡಲಿ, ಪಿಟೀಲು ಕೇಳಲಿ, ಇಲ್ಲವೇ ಚಿತ್ರವೊಂದರ ಮುಂದೆ ಸುಮ್ಮನೆ ಹತ್ತು ನಿಮಿಷ ನಿಲ್ಲಲಿ. ಏನು ನೋಡಬೇಕೆಂಬುದನ್ನು ಅವರ ಶಿಕ್ಷಕರು ಆರಿಸುತ್ತಾರೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬಗ್ಗೆ ಎಲ್ಲರೂ ಕೂತು ಮಾತನಾಡೋಣ.